ಬಚ್ಚಲಿಗೆ ಹೋದ ಬಳಪದ ಕಲ್ಲು

೧೨-೩-೧೯೬೭, ಭಾನುವಾರ. ನಾಗಮಂಗಲ

ಕೋಪ ಇನ್ನೂ ಇಳಿದಿಲ್ಲ.

ನಿಂತು ಅಡುಗೆ ಮಾಡಲು ಒಂದು ಕಟ್ಟೆ ಬೇಕೆಂದು ಮೂರು ವರ್ಷದಿಂದ ಕೇಳುತ್ತಿದ್ದೆ. ನೆಲದಲ್ಲಿ ಕೂತು ಹನ್ನೆರಡು ಜನಕ್ಕೆ ಹಿಟ್ಟು ತಿರುವಿ ಸೊಂಟ ಬಿದ್ದುಹೋಗಿದೆ. ಕೊನೆಗೆ ನನ್ನ ಅಣ್ಣ ನರಸಯ್ಯನೇ ಬಳಪದ ಕಲ್ಲಿನ ಚಪ್ಪಡಿಯೊಂದನ್ನು ಗಾಡಿಗೆ ಹೇರಿ ಕಳಿಸಿದ. ತವರಿನ ಕಟ್ಟೆಯೂ ಅದೇ ಕಲ್ಲು. ಕುದಿಯುವ ಪಾತ್ರೆ ಇಳಿಸಿದರೂ ಬಿರುಕು ಬಿಟ್ಟಿಲ್ಲ, ಹುಣಸೆಹಣ್ಣು ಕಿವುಚಿದರೂ ಕಲೆ ನಿಂತಿಲ್ಲ. ಸಿಮೆಂಟಾದರೆ ಹುಳಿ ತಾಗಿದಲ್ಲೆಲ್ಲ ತಿಂದುಹೋಗುತ್ತದೆ.

ಮೊನ್ನೆ ಕಟ್ಟೆ ಕಟ್ಟುವ ಹೊತ್ತಿಗೆ ಭಾವ ಅಂದಾನಯ್ಯನವರು ಅಡ್ಡ ಬಂದರು.

"ಇದು ದೇವ್ರನ್ನ ಕೆತ್ತೋ ಕಲ್ಲು ಕಣವ್ವ. ಇದ್ರ ಮ್ಯಾಲೆ ಎಂಜಲು ಮುಸುರೆ ಮಡಗಿದ್ರೆ ಮನೆಗೆ ಒಳ್ಳೇದಾಗಕ್ಕಿಲ್ಲ."

"ಅತ್ತೆ ಗೊಜ್ಜು ಮಾಡೋ ಕಲ್ಮರಿಗೆ ಪಾತ್ರೇನೂ ಇದೇ ಕಲ್ಲಲ್ವಾ ಭಾವ?"

ಭಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ನನ್ನ ಯಜಮಾನರು ತಮ್ಮ ಅಣ್ಣನ ಮುಖ ನೋಡಿ ಕಟ್ಟೆಯ ಕೆಲಸ ನಿಲ್ಲಿಸಿಬಿಟ್ಟರು. ಒಲೆ ನೆಲದಲ್ಲೇ ಉಳಿಯಿತು. ದೇವರ ಮಾತು ಬಂದಿದೆಯಲ್ಲ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ದಡ್ಡಿ.

ಇವತ್ತು ಸಂಜೆ ಹಿತ್ತಲಿಗೆ ಹೋದರೆ ಆ ಚಪ್ಪಡಿಯನ್ನು ಬಚ್ಚಲಿಗೆ ಹಾಸಿದ್ದಾರೆ! ಭಾವ ಅದರ ಮೇಲೆ ನಿಂತು ಗದ್ದೆಯ ಕೆಸರುಗಾಲು ತಿಕ್ಕುತ್ತಿದ್ದರು.

"ಭಾವ, ಇದು ದೇವ್ರ ಕಲ್ಲಲ್ವಾ?"

"ಸುಮ್ಕೆ ಬಿದ್ದಿತ್ತಲ್ಲವ್ವ. ಕಾಲಿಗೆ ತಣ್ಣಗೆ ಬೋ ಪಸಂದಾಗೈತೆ."

ನನ್ನ ಪಾತ್ರೆಯಿಂದ ಮೈಲಿಗೆಯಾಗುವ ದೇವರು ಇವರ ಹಿಮ್ಮಡಿಯಿಂದ ಆಗುವುದಿಲ್ಲವೇ?

ಚಪ್ಪಡಿಯನ್ನು ಬೂದಿ ಹಾಕಿ ಉಜ್ಜಿ ಬಂದಿದ್ದೇನೆ. ನಾಳೆ ಒಲೆಯನ್ನೂ ಅಲ್ಲಿಗೇ ಸಾಗಿಸುತ್ತೇನೆ. ಆ ಕಲ್ಲಿನ ಮೇಲೇ ಮುದ್ದೆ ಕಟ್ಟುತ್ತೇನೆ. ಹಸಿವಾದಾಗ ಭಾವನವರು ತಟ್ಟೆ ಹಿಡಿದು ಬಚ್ಚಲಿಗೇ ಬರಲಿ.