ಮಾತ್ರೆಗಳ ಕಿಟ್ ಇನ್‌ಸ್ಪೆಕ್ಷನ್

ವಿಜಯನಗರ, ಬೆಂಗಳೂರು
೧೦-೧೧-೧೯೮೬, ಕಾರ್ತಿಕ ಸೋಮವಾರ

ಚಿ. ಪಂಕಜಾಳಿಗೆ ನಿನ್ನ ಅಮ್ಮ ಚಿಕ್ಕಗಂಗಮ್ಮ ಮಾಡುವ ಆಶೀರ್ವಾದಗಳು.

ಈ ದಿನ ನನಗೆ ಉಪವಾಸ. ಸಂಜೆ ನಕ್ಷತ್ರ ಕಂಡ ಮೇಲೆ ಊಟ. ಬೆಳಿಗ್ಗೆ ಐದಕ್ಕೆ ಎದ್ದು ಕೈಪಂಪಿನಲ್ಲಿ ಆರು ಕೊಡ ನೀರು ಹೊಡೆದು, ಔಷಧಾಲಯ ಗುಡಿಸಿ ಒರೆಸಿ, ಬಾಟಲಿಗಳನ್ನು ತೊಳೆದು ಬೋರಲು ಹಾಕಿ, ಈಶ್ವರನ ಗುಡಿಯಲ್ಲಿ ದೀಪ ಹಚ್ಚಿ ಬಂದು ಬರೆಯಲು ಕುಳಿತಿದ್ದೇನೆ. ನೀನೂ ನಿನ್ನ ಅಣ್ಣಮ್ಮ ಚಿಕ್ಕಮ್ಮನೂ ತುಮಕೂರಿನಲ್ಲಿ ಕ್ಷೇಮವಾಗಿದ್ದೀರಿ ಅಂತ ನಂಬಿದ್ದೇನೆ. ದೀಪಾವಳಿಗೆ ಎಣ್ಣೆ ನೀರು ಹಾಕಿಕೊಂಡೆಯಾ?

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹಿಂದಿನ ಎರಡು ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ ಅನ್ನುವ ಸಿಟ್ಟಿಗೆ ಸುಮ್ಮನಿದ್ದೆ ಅಂತ ತಿಳಿಯಬೇಡ. ಒಂದು ಕೆಲಸ ಹಿಡಿದಿದ್ದೆ. ಅದು ಮುಗಿಯುವವರೆಗೂ ಪಂಕಜಾಳಿಗೆ ಒಂದಕ್ಷರ ಬರೆಯುವುದಿಲ್ಲ ಅಂತ ದೇವರ ಮುಂದೆ ಹೇಳಿಕೊಂಡಿದ್ದೆ. ನಿನ್ನೆ ಮುಗಿಯಿತು. ಡಾಕ್ಟರ್ ಶ್ಯಾಮಸುಂದರ ನಿನ್ನೆ ಮಧ್ಯಾಹ್ನ, ನಲವತ್ತು ಜನ ಮಾಜಿ ಸೈನಿಕರು ನೋಡುತ್ತಿದ್ದಂತೆ, ತಲೆ ಬಗ್ಗಿಸಿಕೊಂಡು ನಮ್ಮ ಔಷಧಾಲಯದ ಮೆಟ್ಟಿಲಿಳಿದು ಹೋದ. ಹದಿನೈದು ವರ್ಷ ಅವನನ್ನು ಅವರು, ಇವರು ಅಂತ ಕರೆದೆ. ಇನ್ನು ಕರೆಯುವುದಿಲ್ಲ.

ಒಬ್ಬನ ಮುಖ ಮಣ್ಣಾಗಲಿ ಅಂತ ದೇವರನ್ನು ಬೇಡಬಾರದು, ನನಗೆ ಗೊತ್ತು. ಬೇಡಿದೆ. ಜೂನ್ ತಿಂಗಳಿಂದ ಪ್ರತಿ ಸೋಮವಾರ ಅದೊಂದನ್ನೇ ಬೇಡಿದೆ. ಅವನು ಮಾಜಿ ಸೈನಿಕರ ಸಂಘದ ಕಮಿಟಿಯ ಮೂವರ ಮುಂದೆ ಆಡಿದ ಮಾತು ನನ್ನ ಕಿವಿಯಿಂದ ಇಳಿದೇ ಇಲ್ಲ. "ಬೈರಯ್ಯನಿಗೆ ಮಿಲಿಟರಿ ಆಸ್ಪತ್ರೆಯಿಂದ್ಲೂ ಹಾರ್ಟಿನ ಮಾತ್ರೆ ಬರ್ತಿತ್ತು ಅಂತ ನಂಗೇನು ಕನಸು ಬೀಳುತ್ತಾ? ಅದನ್ನ ನೋಡಿ ಹೇಳೋದು ಕಾಂಪೌಂಡರ್ ಕೆಲಸ. ಅವಳು ಹೇಳ್ಲಿಲ್ಲ. ಎರಡೂ ನುಂಗಿ ಮನುಷ್ಯ ಸತ್ತ." ಚೀಟಿಯ ಹಿಂದೆ ಬರೆದು ಡಾಕ್ಟರಿಗೆ ಕಳಿಸಿದ್ದೆ ಅಂತ ನೀನು ಅಂದೆ. ಚೀಟಿ ಎಲ್ಲಿ ಅಂದರು. ಚೀಟಿ ಇರಲಿಲ್ಲ. ನಿನ್ನ ಕೆಲಸ ಹೋಯಿತು. ಆಮೇಲೆ ರಾಜಾಜಿನಗರದ ನರ್ಸಿಂಗ್ ಹೋಮಿನವರೂ, ಕೆಂಗೇರಿಯ ಮೆಡಿಕಲ್ ಸ್ಟೋರಿನವರೂ ನಿನ್ನ ಹೆಸರು ಕೇಳಿದೊಡನೆ ಬೇಡ ಅಂದರು. ಕೊಲೆಗಾತಿ ಅನ್ನುವ ಹಾಗೆ ನೋಡಿದರು. ಆ ಮಾತು ನಿನ್ನ ಮೇಲಿಂದ ಇಳಿಯಬೇಕು, ಅವನ ಬಾಯಿಂದಲೇ ಇಳಿಯಬೇಕು. ನನಗೆ ಅಷ್ಟೇ ಬೇಕಿತ್ತು.

ಆಗಸ್ಟಿನಲ್ಲಿ ಒಂದು ಭಾನುವಾರ ಬ್ಯಾಡರಹಳ್ಳಿಗೆ ಹೋದೆ, ಬೈರಯ್ಯನ ಹೆಂಡತಿ ಹನುಮಕ್ಕನನ್ನು ನೋಡಲು. ಬೈದು ಅಟ್ಟುತ್ತಾಳೆ ಅಂದುಕೊಂಡಿದ್ದೆ. ಮಣೆ ಹಾಕಿ ಕೂರಿಸಿದಳು. ನಿನಗೆ ತಿಳಿಯದ ಸಂಗತಿ ಅವಳು ಹೇಳಿದಳು. ಮಾತ್ರೆ ತೆಗೆದುಕೊಂಡು ಹೋದ ಹತ್ತು ದಿನಕ್ಕೆ ಬೈರಯ್ಯ ತಟ್ಟೆ ನೂಕಿ, "ಏನಮ್ಮೀ, ಬರೀ ಅನ್ನಕ್ಕೆ ಅರಿಸಿನ ಹಾಕಿದ್ದೀಯಾ?" ಅಂದನಂತೆ. ಪಂಚೆ ಹಳದಿ, ಗೋಡೆ ಹಳದಿ, ಹಾಲೂ ಹಳದಿ. ವಾಂತಿ ಬೇರೆ. ಕಾಮಾಲೆ ಅಂತ ಇವಳು ಸೊಪ್ಪಿನ ಔಷಧಿ ಅರೆದು ಕುಡಿಸಿ ಪಥ್ಯ ಹಿಡಿಸಿದಳು. ಈ ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ, ಹಾರ್ಟಿನದು ಅಂತ. ಅದು ಮಾತ್ರೆಯ ವಿಷ ಏರಿದ ಗುರುತು ಅಂತ ಅವಳಿಗೆ ಯಾರು ಹೇಳಬೇಕು? ಐದು ದಿನಕ್ಕೆ ಹೋಗಿಬಿಟ್ಟ. "ನಿನ್ನ ಮಗಳ ಹತ್ರ ಒಂದ್ಸಲ ಕರ್ಕೊಂಡು ಬಂದಿದ್ರೆ ಉಳೀತಿದ್ರೇನೋ ಅಲ್ವಾ ಗಂಗಕ್ಕಾ?" ಅಂತ ನನ್ನ ಮುಖ ನೋಡಿದಳು.

ಅವನ ತಗಡಿನ ಟ್ರಂಕು ತೆಗೆಸಿದೆ. ಚೀಟಿ ಅಲ್ಲೇ ಇರಬೇಕು ಅಂತ ನನ್ನ ಮನಸ್ಸು ಹೇಳುತ್ತಿತ್ತು. ಇತ್ತು. ಪೆನ್ಶನ್ ಪುಸ್ತಕದೊಳಗೆ, ನಾಲ್ಕು ಮಡಿಕೆಯಾಗಿ.

ಅಂದೇ ಅದನ್ನು ಸಂಘದ ಅಧ್ಯಕ್ಷರಾದ ಸುಬೇದಾರ್ ಬಸವಲಿಂಗಪ್ಪನವರ ಕೈಗೆ ಕೊಡಬಹುದಿತ್ತಲ್ಲ ಅಂತ ನೀನು ಕೇಳಬಹುದು. ಕೊಟ್ಟಿದ್ದರೆ ಅವನನ್ನು ಒಳಗೆ ಕರೆದು, ಕಾಫಿ ಕುಡಿಸಿ, ಮರ್ಯಾದೆಯಾಗಿ ಕಳಿಸುತ್ತಿದ್ದರು. ನನಗೆ ಮರ್ಯಾದೆ ಬೇಕಿರಲಿಲ್ಲ.

ಮೂರು ತಿಂಗಳು ಭಾನುವಾರವೆಲ್ಲ ಅಲೆದೆ. ಲಗ್ಗೆರೆ, ಕೆಂಗೇರಿ, ಬಸವೇಶ್ವರನಗರ, ಎಲ್ಲೆಲ್ಲಿ ನಮ್ಮ ಹಳಬರಿದ್ದಾರೋ ಅಲ್ಲೆಲ್ಲ. "ನವೆಂಬರ್ ಎರಡನೇ ಭಾನುವಾರ ಸಂಘದ ಸಭೆಗೆ ಬರುವಾಗ ನಮ್ಮ ಪಂಕಜಾ ಹೇಳಿಕೊಟ್ಟ ಹಾಗೆ ಕಿಟ್ ಇನ್‌ಸ್ಪೆಕ್ಷನ್ನಿಗೆ ತಯಾರಾಗಿ ಬನ್ನಿ," ಅಂದೆ. ಅವರಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಮನೆಯಲ್ಲಿರುವ ಮದ್ದನ್ನೆಲ್ಲ ತನ್ನಿ ಅಂತ ನೀನು ಮೊದಮೊದಲು ಎಷ್ಟು ಗೋಗರೆದರೂ ಒಬ್ಬನೂ ತರುತ್ತಿರಲಿಲ್ಲವಲ್ಲ? ಮಿಲಿಟರಿಯಲ್ಲಿ ಸಿಪಾಯಿಗಳ ಸಾಮಾನು ಹರವಿಸಿ ನೋಡುವ ಹಾಗೆ ಕಿಟ್ ಇನ್‌ಸ್ಪೆಕ್ಷನ್ ಅಂದ ದಿನದಿಂದ ಟವಲ್ ಹಾಸಿ, ಮಾತ್ರೆ, ಟಾನಿಕ್ಕು, ಲೇಹ್ಯ ಎಲ್ಲವನ್ನೂ ಸಾಲಾಗಿ ಜೋಡಿಸಿ, ಅಟೆನ್ಶನ್ನಿನಲ್ಲಿ ನಿಲ್ಲತೊಡಗಿದರು. ನೀನು ಸಾಲಿನ ಉದ್ದಕ್ಕೂ ನಡೆದು ಇದೂ ಅದೂ ಒಂದೇ, ಇದನ್ನು ಬಿಡಿ, ಇದು ಊಟವಾದ ಮೇಲೆ ಅಂತ ಹೇಳುತ್ತಿದ್ದೆ. ನಾನು ಬಾಟಲಿ ತೊಳೆಯುತ್ತಾ ನೋಡಿ ಹಿಗ್ಗುತ್ತಿದ್ದೆ.

ನಿನ್ನೆ ಅವನು ಕೋಣೆಯಿಂದ ಹೊರಗೆ ಬಂದು ನೋಡಿದರೆ ಹಾಲಿನ ತುಂಬ ಟವಲ್ಲು.

"ಏನ್ರೀ ಇದು, ಸಂತೆ?" ಅಂದ.

ಲಗ್ಗೆರೆಯ ದೊಡ್ಡಹನುಮಯ್ಯ ಸೆಲ್ಯೂಟ್ ಹೊಡೆದು, "ಸಂತೆ ಅಲ್ಲ ಸಾರ್, ಕಿಟ್ ಇನ್‌ಸ್ಪೆಕ್ಷನ್ನು. ನಡೀರಿ, ನಂದ್ರಿಂದ್ಲೇ ಶುರು ಮಾಡಿ," ಅಂದ.

"ನಂಗೆ ಬೇರೆ ಕೆಲ್ಸ ಇಲ್ವೇನಯ್ಯ?"

"ನಂಗಂತೂ ಇಲ್ಲ ಸಾರ್. ಪೆನ್ಶನ್ನು ಬರ್ತೈತೆ, ಹೆಂಡ್ತಿ ಬೈತಾಳೆ, ಅಷ್ಟೇ."

ಎಲ್ಲರೂ ನಕ್ಕರು. ಬಸವಲಿಂಗಪ್ಪನವರೂ ನಕ್ಕು, "ನೋಡಿ ಡಾಕ್ಟ್ರೇ, ಆಸೆಪಟ್ಟು ತಂದವ್ರೆ," ಅಂದರು. ಅಧ್ಯಕ್ಷರೇ ಹೇಳಿದ ಮೇಲೆ ತಪ್ಪಿಸಿಕೊಳ್ಳುವುದು ಹೇಗೆ? ಸಾಲು ನೋಡತೊಡಗಿದ. ಮೊದಲ ನಾಲ್ಕೈದು ಟವಲ್ಲಿಗೆ ಬೆವರಿದ. ಆಮೇಲೆ ಜನ ಗಮನ ಕೊಟ್ಟು ಕೇಳುತ್ತಿದ್ದುದಕ್ಕೋ ಏನೋ, ಬೀಗತೊಡಗಿದ. ಇದು ಬಿಪಿಗೆ, ಇದು ಗ್ಯಾಸಿಗೆ, ಇದು ಸುಮ್ಮನೆ ದಂಡ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳತೊಡಗಿದ. ಅದಕ್ಕೇ ನಾನು ಕಾದಿದ್ದೆ.

ಕೊನೆಯ ಟವಲ್ ಹಾಸಿದ್ದವಳು ನಾನು. ಅದರ ಮೇಲೆ ಎರಡೇ ಪೊಟ್ಟಣ, ಬೈರಯ್ಯನ ಟ್ರಂಕಿನಲ್ಲಿ ಉಳಿದಿದ್ದವು, ಮೇಲೆ ಮದ್ದಿನ ಹೆಸರಿದ್ದವು. "ಇವ್ರಿಗೆ ಬರೋಕಾಗ್ಲಿಲ್ಲ ಸಾರ್, ಮನೆಯವ್ರು ಬಂದವ್ರೆ," ಅಂದೆ. ಹನುಮಕ್ಕ ಸೆರಗು ಹೊದ್ದು ಗೋಡೆಗೆ ಒರಗಿ ನಿಂತಿದ್ದಳು. ಅವಳ ಗುರುತು ಅವನಿಗೆ ಎಲ್ಲಿ ಸಿಗಬೇಕು? ಸತ್ತವನ ಮನೆಯ ಕಡೆ ಒಂದು ದಿನ ತಲೆ ಹಾಕಿದ್ದರೆ ತಾನೇ!

ಎರಡನ್ನೂ ಬೆಳಕಿಗೆ ಹಿಡಿದು ಓದಿದ. ಕಣ್ಣು ಕೆಂಪಗಾಯಿತು.

"ಎರಡೂ ಒಂದೇ ಮದ್ದು ಕಣ್ರೀ! ಇದು ಮದ್ದಿನ ಹೆಸ್ರು, ಇದು ಕಂಪನಿ ಹೆಸ್ರು. ಎರಡೂ ತಿಂದ್ರೆ ಆ ಮನುಷ್ಯ ಉಳಿಯಲ್ಲ. ಬುದ್ಧಿ ಇರೋ ಯಾರಾದ್ರೂ ಬರೀತಾರಾ ಇದನ್ನ? ಯಾವ ಕತ್ತೆ ಬರೆದದ್ದು?"

ಹನುಮಕ್ಕ ಸೆರಗು ತೆಗೆದಳು. ಚೀಟಿಯನ್ನು ಅವನಿಗೆ ಕೊಡಲಿಲ್ಲ. ಬಸವಲಿಂಗಪ್ಪನವರ ಕೈಗೆ ಕೊಟ್ಟಳು. "ನಾನು ಬೈರಯ್ಯನ ಹೆಂಡ್ತಿ. ನಂಗೆ ಓದಕ್ಕೆ ಬರಲ್ಲ. ಯಾರು ಬರೆದದ್ದು ಅಂತ ನೀವೇ ಓದಿ ಹೇಳಿ ಸಾಮಿ."

ಅವರು ಕನ್ನಡಕ ಹಾಕಿಕೊಂಡು ಮೊದಲು ಎದುರು ಬದಿ ಓದಿದರು. ಡಾಕ್ಟರ ಹೆಸರು, ಮಾತ್ರೆಯ ಹೆಸರು. ಆಮೇಲೆ ತಿರುವಿ ನಿನ್ನ ಅಕ್ಷರ ಓದಿದರು. "ಇದೇ ಮಾತ್ರೆ ಇವರಿಗೆ ಮಿಲಿಟರಿ ಆಸ್ಪತ್ರೆಯಿಂದ ಬೇರೆ ಹೆಸರಿನಲ್ಲಿ ಬರುತ್ತಿದೆ. ಎರಡೂ ಸೇರಿದರೆ ಅಪಾಯ. ದಯವಿಟ್ಟು ನಿಲ್ಲಿಸಬೇಕು. ಪಂಕಜಾ." ಅದರ ಕೆಳಗೆ ಕೆಂಪು ಇಂಕಿನಲ್ಲಿ ಇಂಗ್ಲಿಷು. ಬರೆದಷ್ಟನ್ನು ಕೊಡಿ, ತಲೆಹರಟೆ ಬೇಡ ಅಂತ. ಅವನ ಸಹಿ, ತಾರೀಖಿನ ಸಮೇತ.

ಪಂಕಜಾ, ಅವನು, "ಅದು... ಕೆಲಸದ ಗಲಾಟೆಯಲ್ಲಿ..." ಅಂದ. ದೊಡ್ಡಹನುಮಯ್ಯನೇ ಅಂದ: "ಹುಡುಗಿ ಹೇಳ್ಲಿಲ್ಲ ಅಂದ್ರಲ್ಲ ಸಾರ್. ಬರೆದೂ ಕೊಟ್ಟವ್ಳೆ, ನೀವು ಸೈನೂ ಹಾಕಿದ್ದೀರಿ." ಡಾಕ್ಟರ್ ನನ್ನ ಕಡೆ ತಿರುಗಿ ನೀರು ಕೇಳಿದ. ಹೂಜಿ ನನ್ನ ಪಕ್ಕದಲ್ಲೇ ಇತ್ತು. ಕೊಡಲಿಲ್ಲ. ಬಾಯಾರಿದವನಿಗೆ ನೀರು ಕೊಡದಿದ್ದರೆ ಏನು ಗತಿ ಅಂತ ನಮ್ಮವ್ವ ಹೇಳುತ್ತಿದ್ದಳು. ಆ ಗತಿಯೇ ಬರಲಿ ಅಂದುಕೊಂಡು ನಿಂತೆ. ಅವನು ಹೋಗುವಾಗ ಒಬ್ಬನೂ ಕುರ್ಚಿಯಿಂದ ಏಳಲಿಲ್ಲ.

ಬಸವಲಿಂಗಪ್ಪನವರು ಸಭೆಯಲ್ಲೇ ಹೇಳಿದರು: ಅವನು ಇನ್ನು ಇಲ್ಲಿಗೆ ಕಾಲಿಡುವಂತಿಲ್ಲ, ನಿನ್ನ ಮೇಲಿನ ಮಾತು ಸುಳ್ಳು ಅಂತ ಸಂಘದ ಕಾಗದದಲ್ಲಿ ಬರೆದು ಕೊಡುತ್ತಾರೆ, ನೀನು ಬಂದರೆ ನಿನ್ನ ಕೆಲಸ ನಿನಗೇ. ಅಜ್ಜಂದಿರು ಚಪ್ಪಾಳೆ ಹೊಡೆದರು. ಹನುಮಕ್ಕ ನನ್ನನ್ನು ತಬ್ಬಿಕೊಂಡು, "ನೀನು ನಮ್ಮಕ್ಕನಿಗಿಂತ ಹೆಚ್ಚು," ಅಂತ ಅತ್ತಳು.

ಹೀಗೆ ಆಯಿತು ಮಗಳೇ. ಈಶ್ವರ ನಿನ್ನನ್ನು ತಂಪಾಗಿ ಇಟ್ಟಿರಲಿ, ನಿನ್ನ ಕೈಯಿಂದ ಮದ್ದು ತೆಗೆದುಕೊಂಡವರೆಲ್ಲ ನೂರು ವರ್ಷ ಬಾಳಲಿ. ಅಣ್ಣಮ್ಮನಿಗೆ ನನ್ನ ನೆನಪುಗಳು.

ನಿನ್ನ ಅಮ್ಮ,
ಚಿಕ್ಕಗಂಗಮ್ಮ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮೇಲಿನದನ್ನು ಓದಿದರೆ ನಾನೇನೋ ದೊಡ್ಡ ಕೆಲಸ ಮಾಡಿದವಳ ಹಾಗೆ ಕಾಣುತ್ತೇನೆ.

ಬೈರಯ್ಯನಿಗೆ ಆ ಮಾತ್ರೆ ಕೊಟ್ಟವಳು ನಾನು. ನಾಳೆ ಬನ್ನಿ ಅಂತ ಅವನಿಗೆ ಹೇಳಿ ನೀನು ಊಟಕ್ಕೆ ಎದ್ದೆ. ನಾನು ಡಾಕ್ಟರ ಕೋಣೆಯಿಂದ ಚೀಟಿ ವಾಪಸ್ಸು ತಂದಾಗ ನೀನಿರಲಿಲ್ಲ. "ನಾಳೆ ಮತ್ತೆ ಬರಕ್ಕಾಗಲ್ಲ ತಾಯಿ, ಉಸ್ರು ಕಟ್ತದೆ," ಅಂದ ಬೈರಯ್ಯ. ಡಬ್ಬಿಯಿಂದ ಮೂವತ್ತು ಮಾತ್ರೆ ಎಣಿಸಿ, ಪೊಟ್ಟಣ ಕಟ್ಟಿ, ಚೀಟಿಯ ಜೊತೆ ಅವನ ಕೈಗಿಟ್ಟೆ. ನೀನು ಹಿಂದೆ ಬರೆದದ್ದನ್ನು ಓದಿದ್ದೆ. ನೀನು ಕನ್ನಡದಲ್ಲೇ ಬರೆದಿದ್ದೆ, ನನಗೆ ಓದಲು ಬರುತ್ತದೆ. ಹೆತ್ತ ಮಗಳ ಅಕ್ಷರಕ್ಕಿಂತ ಅವನ ಕೆಂಪು ಇಂಕು ನನಗೆ ದೊಡ್ಡದಾಗಿ ಕಂಡಿತು.

ಕಮಿಟಿಯವರು ಮಾತ್ರೆ ಕೊಟ್ಟದ್ದು ಯಾರು ಅಂತ ಕೇಳಿದಾಗ ನೀನು ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದೆ. ಈ ಕೆಲಸ ಹೋದರೆ ಈ ಕೋಣೆಯೂ ಹೋಗುತ್ತದೆ ಅಂತ ಹೆದರಿದೆ. ನಾನು ನೆಲ ನೋಡಿದೆ. ನೀನು "ನಾನೇ ಕೊಟ್ಟೆ" ಅಂದೆ. ಅವನ ಮೇಲೆ ಐದು ತಿಂಗಳು ಹಲ್ಲು ಕಡಿದೆನಲ್ಲ, ಅದರಲ್ಲಿ ಅರ್ಧ ನನ್ನ ಮೇಲೆಯೇ.

ನಿನ್ನೆ ಹನುಮಕ್ಕ ತಬ್ಬಿಕೊಂಡಾಗಲೂ ಬಾಯಿ ಬಿಡಲಿಲ್ಲ. ಬರುವ ಭಾನುವಾರ ಬ್ಯಾಡರಹಳ್ಳಿಗೆ ಹೋಗಿ ಅವಳಿಗೆ ಹೇಳುತ್ತೇನೆ, ಆಮೇಲೆ ಬಸವಲಿಂಗಪ್ಪನವರಿಗೂ. ಅವಳು ಏನು ಮಾಡಿದರೂ ಸರಿ. ಅದಕ್ಕೆ ಮೊದಲು ನಿನ್ನದೊಂದು ಮಾತು ಬೇಕು, ಬೈಗುಳವಾದರೂ ಸರಿ. ಪಕ್ಕದ ಮನೆಯ ನೀಲಮ್ಮ ಈ ಕಾಗದ ತರುತ್ತಿದ್ದಾಳೆ. ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದು ಶನಿವಾರ ಹೊರಡುತ್ತಾಳೆ. ಹೊರಡುವ ಮುಂಚೆ ನಿನ್ನ ಬಾಗಿಲಿಗೆ ಬಂದು ಉತ್ತರ ತೆಗೆದುಕೊಂಡು ಬಾ ಅಂತ ಅವಳಿಗೆ ಕೈಮುಗಿದು ಹೇಳಿದ್ದೇನೆ. ಬರಿಗೈಯಲ್ಲಿ ಕಳಿಸಬೇಡ.