ಕಾರಿನಲ್ಲಿದ್ದ ಉಬ್ಬಸ

ದೇವರಾಜ ಮೊಹಲ್ಲಾ, ಮೈಸೂರು
10ನೇ ಡಿಸೆಂಬರ್ 1936

ನಮ್ಮ ಚರ್ಚಿನ ಪೂಜ್ಯ ಸ್ವಾಮಿಗಳ ಪಾದಗಳಿಗೆ ಚೌರಪ್ಪನ ಸ್ತೋತ್ರಗಳು.

ನನ್ನ ಕಾರು ತಮಗೆ ಗೊತ್ತೇ ಇದೆ. ನನ್ನ ಹೆಂಡತಿ ಪೌಲಿನಳ ಉಬ್ಬಸಕ್ಕೆ ಚಳಿ ಆಗದೆಂದು, ಬಿಸಿಗಾಳಿಯ ಹೀಟರ್ ಇರುವುದನ್ನೇ ಹುಡುಕಿ ಊಟಿಯ ದೊರೆಯೊಬ್ಬರಿಂದ ಕೊಂಡದ್ದು. ಅವಳು ತೀರಿಕೊಂಡದ್ದೂ ಅದರ ಹಿಂದಿನ ಸೀಟಿನಲ್ಲೇ, ಆಸ್ಪತ್ರೆಯ ದಾರಿಯಲ್ಲಿ. ಆಮೇಲೆ ಹೀಟರು ಥೇಟ್ ಅವಳ ಹಾಗೆಯೇ ಉಸಿರೆಳೆಯತೊಡಗಿತು. ಮಗಳ ಕೊನೆಗಳಿಗೆಗೆ ಊರಿನಿಂದ ಬಂದು ಮುಟ್ಟಲಾಗದ ನಮ್ಮ ಅತ್ತೆ ದಿನಾ ಬೆಳಿಗ್ಗೆ ನನ್ನಿಂದ ಇಂಜಿನ್ ಹಾಕಿಸಿ ಆ ಸೀಟಿನಲ್ಲಿ ಕೂರುತ್ತಿದ್ದರು. "ಇಲ್ಲೇ ಅವ್ಳೆ ಕಣಪ್ಪ, ಕಷ್ಟ ಪಡ್ತಾವ್ಳೆ" ಎನ್ನುತ್ತಿದ್ದರು.

ನಥಿಂಗ್ ವಿಥೌಟ್ ಎ ಕಾಸ್, ಕಾರಣವಿಲ್ಲದೆ ಏನೂ ಇಲ್ಲ, ಎಂದು ಕಾಲೇಜಿನಲ್ಲಿ ಓದಿದ್ದೆ, ಮುಂದಿನದು ಮರೆತಿದೆ. ನಿನ್ನೆ ಬಾನೆಟ್ ಎತ್ತಿ ನೋಡಿದೆ. ಹೀಟರಿಗೆ ಗಾಳಿ ಬಿಡುವ ತಗಡಿನ ಮುಚ್ಚಳ ಸಡಿಲವಾಗಿ ಅದುರುತ್ತಿತ್ತು. ಸ್ಪ್ಯಾನರಿನಿಂದ ಒತ್ತಿದರೆ ಸದ್ದಿಲ್ಲ, ಬಿಟ್ಟರೆ ಉಬ್ಬಸ. ಅತ್ತೆ ಒಳಗೆ ಕೂತಿದ್ದ ಹಾಗೆಯೇ ತಿರುಪು ಬಿಗಿ ಮಾಡಿದೆ. ಉಸಿರು ನಿಂತಿತು.

ಬೈಯುತ್ತಾರೆಂದುಕೊಂಡೆ. ಅವರು ಶಿಲುಬೆ ಗುರುತು ಹಾಕಿಕೊಂಡು, "ಹೋದ್ಲು ಕಣಪ್ಪ. ಈ ಸಲ ನಾನು ಪಕ್ದಲ್ಲೇ ಇದ್ದೆ" ಎಂದರು. ತಿರುಪಿನ ವಿಷಯ ನಾನು ಎತ್ತಲಿಲ್ಲ, ತಾವೂ ಎತ್ತಬಾರದು. ಕಾರು ಈಗ ಸದ್ದಿಲ್ಲದೆ ಓಡುತ್ತದೆ, ಒಬ್ಬನೇ ಹತ್ತಲು ನನ್ನಿಂದ ಆಗುತ್ತಿಲ್ಲ.

ಪೌಲಿನಳಿಗಾಗಿ ಸಾವಿನ ಗಂಟೆಯನ್ನು ಮತ್ತೊಮ್ಮೆ ಹೊಡೆಸಬೇಕೆಂದು ಅತ್ತೆಯ ಆಸೆ. ಒಬ್ಬರಿಗೆ ಎರಡು ಸಲ ಹೊಡೆಸುವ ಪದ್ಧತಿಯಿಲ್ಲವೆಂದು ಬಲ್ಲೆ. ಆದರೂ ದಯಮಾಡಿ ಒಪ್ಪಿ, ಹೊಡೆಸುವ ವೇಳೆಯನ್ನು ಮೊದಲೇ ಹೇಳಿ ಕಳುಹಿಸಿ. ಹೋದ ಸಲ ಅದು ನನ್ನ ಕಿವಿಗೂ ಬಿದ್ದಿರಲಿಲ್ಲ.

ತಮ್ಮ ಆಶೀರ್ವಾದ ಬೇಡುವ,
ಚೌರಪ್ಪ