ಅಳತೆಗೆ ಉಳಿದ ಗಿಟಾರ್

ಮಾರ್ಚ್ ೧೧, ಮಂಗಳವಾರ

ಇವತ್ತು ಗಿರಾಕಿಗೆ ಸುಳ್ಳು ಹೇಳಿದೆ. ಒಂಚೂರೂ ಬೇಜಾರಿಲ್ಲ.

ಬ್ಯಾಂಕಿನ ಮೇಡಂ ಅಂಗಡಿಗೆ ಒಂದು ಗಿಟಾರ್ ತಂದು, ಇದಕ್ಕೊಂದು ಗವುಸು ಹೊಲಿದುಕೊಡಿ ಅಂದರು. ಟೇಪು ಹಿಡಿದು ಗಿಟಾರ್ ತಿರುಗಿಸಿದರೆ ಬೆನ್ನಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕಲೆ! ಸುಟ್ಟವನು ನಾನೇ. ಹನ್ನೊಂದು ವರ್ಷದ ಹಿಂದೆ ಹೊಲಿಗೆ ಮಷೀನ್ ಕೊಳ್ಳಲೆಂದು ಅಂಗಡಿಯೊಂದಕ್ಕೆ ಮಾರಿ, ಅವತ್ತಿನಿಂದ ರೇಡಿಯೊ ಹಾಕಿದಾಗಲೆಲ್ಲ ನಾನು ಹಳಹಳಿಸುವ ಗಿಟಾರ್ ಇದು.

"ಕೊಂಡಿದ್ದೇ ತಪ್ಪಾಯ್ತು ಟೈಲರೇ," ಅಂದರು ಮೇಡಂ. "ನಾಲ್ಕನೇ ತಂತಿ ಶ್ರುತಿಗೆ ನಿಲ್ಲೋದೇ ಇಲ್ಲ. ಯಾವ ಪುಣ್ಯಾತ್ಮ ಮಾರಿದ್ನೋ!"

ಪುಣ್ಯಾತ್ಮ ತಲೆ ತಗ್ಗಿಸಿ ಟೇಪು ನೋಡುತ್ತಿದ್ದ. ಆ ತಂತಿ ಬಿಗಿಯುವ ಬಿರಡೆ ಸಡಿಲವಾಗಿತ್ತು. ಗೊತ್ತಾಗದಿರಲೆಂದು ನೀಲಿ ದಾರ ಸುತ್ತಿ ಮಾರಿದ್ದೆ. ದಾರ ಇನ್ನೂ ಅಲ್ಲೇ ಇದೆ.

ಗವುಸು ಒಂದು ಗಂಟೆಯ ಕೆಲಸ. "ಎಂಟು ದಿನ ಬೇಕು ಮೇಡಂ, ಅಳತೆಗೆ ಗಿಟಾರ್ ಇಲ್ಲೇ ಇರಲಿ," ಅಂದುಬಿಟ್ಟೆ.

ಮನೆಗೆ ಹೊತ್ತು ತಂದಾಗ ನನ್ನ ಹೆಂಡತಿ, "ಅಂಗಿ ಹೊಲಿಯೋಕೆ ಗಿರಾಕೀನೂ ಎಂಟು ದಿನ ಮನೇಲಿ ಇಟ್ಕೋತೀರಾ?" ಅಂತ ಬಿದ್ದು ಬಿದ್ದು ನಕ್ಕಳು.

ಊಟವಾದ ಮೇಲೆ ನುಡಿಸಿದೆ. ಬೆರಳು ಎಲ್ಲ ಮರೆತಿವೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನಾಲ್ಕನೇ ತಂತಿ ಸಡಿಲಾಯಿತು. ಅಡುಗೆಮನೆಯಿಂದಲೇ ಇವಳ ದನಿ: "ಅನುಮಾನವೇ ಬೇಡ, ನಿಮ್ಮದೇ!"

ಬಿರಡೆ ಹೀಗೇ ಬಿಟ್ಟರೆ ಮೇಡಂ ಬೇಸತ್ತು ಮಾರಿಯೇ ಮಾರುತ್ತಾರೆ, ಕೊಳ್ಳುವುದಕ್ಕೆ ನಾನಿದ್ದೇನೆ. ಸರಿ ಮಾಡಿದರೆ ಯಾಕೆ ಮಾರುತ್ತಾರೆ?

ಹಾಳಾಗಿ ಹೋಗಲಿ, ದಾರ ಬಿಚ್ಚಿ ಎಸೆದೆ. ನಾಳೆ ಹೊಸ ಬಿರಡೆ ಹಾಕುತ್ತೇನೆ. ಆದರೆ ಎಂಟು ದಿನದಲ್ಲಿ ಒಂದು ದಿನವನ್ನೂ ಬಿಟ್ಟುಕೊಡುವವನಲ್ಲ.